ಫಿಲಾಸಫಿ ಓದಿದವರು ಮುಂದೆ ಏನು ಕೆಲಸ ಹಿಡಿದಿರಿ?

ಪ್ರಶ್ನೆ: ಡಿಗ್ರಿಗೆ ಫಿಲಾಸಫಿ ತಗೊಳ್ಳೋ ಆಸೆ. ಮನೇಲಿ ‘ಹೊಟ್ಟೆಪಾಡಿಗೇನು’ ಅಂತಾರೆ. ಆಮೇಲೆ ಕಾನೂನು ಇಲ್ಲ ಸಾಫ್ಟ್‌ವೇರ್ ಕಡೆ ಹೋಗಬಹುದಾ? ಓದಿದವರು ಅನುಭವ ಹೇಳಿ.

ಹಳೇಸಂಶೋಧಕ: ಪಿಎಚ್‌ಡಿಗೆ ಏಳು ವರ್ಷ ಸುರಿದವನು ನಾನು. ಜರ್ಮನ್ ತತ್ವಜ್ಞಾನಿ ಕಾಂಟ್ ತನ್ನ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಪುಸ್ತಕದ 1781ರ ಆವೃತ್ತಿಯಲ್ಲಿದ್ದ ‘ಡಿಡಕ್ಷನ್’ ಭಾಗವನ್ನು (ಕಾರಣ-ಪರಿಣಾಮದಂಥ ಮೂಲ ಪರಿಕಲ್ಪನೆಗಳು ನಮ್ಮ ಅನುಭವಕ್ಕೆ ಯಾಕೆ ಅನ್ವಯಿಸುತ್ತವೆ ಅನ್ನೋ ವಾದ) 1787ರ ಎರಡನೇ ಆವೃತ್ತಿಗೆ ಹೊಸದಾಗಿ ಬರೆದ. ಎರಡನ್ನೂ ಸಾಲುಸಾಲಾಗಿ ಹೋಲಿಸೋದು ನನ್ನ ವಿಷಯ. ಅದಕ್ಕೆ ಜರ್ಮನ್ ಕಲಿಯೋಕೇ ಹದಿನಾಲ್ಕು ತಿಂಗಳು. ಮೂರನೇ ವರ್ಷ ಗೈಡ್ ನಿವೃತ್ತರಾದರು. ಹೊಸಬರು ‘ಇದರಲ್ಲಿ ಹೊಸದೇನಿದೆ’ ಅಂದರು, ಎರಡು ಅಧ್ಯಾಯ ಕಸಕ್ಕೆ ಹೋಯ್ತು. ಮುಗಿಸುವಾಗ ವಯಸ್ಸು 33. ಅರ್ಜಿ 41, ಸಂದರ್ಶನ 3, ಸಿಕ್ಕಿದ್ದು ಗಂಟೆ ಲೆಕ್ಕದ ಪಾಠ. ರಜೆ ಬಂದರೆ ಸಂಬಳವಿಲ್ಲ. ಜೊತೆಗೆ ಓದಿದವರು ಅಷ್ಟರಲ್ಲಿ ಹತ್ತು ವರ್ಷ ದುಡಿದಿದ್ದರು.

ತರ್ಕದಾರಿ: ನಾನು ಬಿಎ ಫಿಲಾಸಫಿ, ಹನ್ನೊಂದು ವರ್ಷದಿಂದ ಪ್ರೋಗ್ರಾಮರ್. ಸಿಂಬಾಲಿಕ್ ಲಾಜಿಕ್‌ನಲ್ಲಿ (ವಾಕ್ಯಗಳನ್ನು ಚಿಹ್ನೆಗಳಲ್ಲಿ ಬರೆದು ತರ್ಕ ಪರೀಕ್ಷಿಸೋ ಪೇಪರ್) ಮೊದಲ ಸಲ ಫೇಲ್. ‘ಪ್ರತಿಯೊಬ್ಬರಿಗೂ ಒಬ್ಬ ಗುರು ಇದ್ದಾರೆ’, ‘ಎಲ್ಲರಿಗೂ ಒಬ್ಬರೇ ಗುರು’, ಇವೆರಡೂ ಒಂದೇ ಅಂತ ಬರೆದು ಬಂದಿದ್ದೆ! ಅದನ್ನು ತಿದ್ದಿಕೊಂಡ ತಲೆಯೇ ಇವತ್ತು ಡೇಟಾಬೇಸ್ ಕ್ವೆರಿ ಬರೆಯುತ್ತೆ. ಕೋಡಿಂಗ್ ಮಾತ್ರ ಹದಿನೆಂಟು ತಿಂಗಳು ರಾತ್ರಿ ಕೂತು ಬೇರೆಯಾಗೇ ಕಲಿತೆ. ಅಮೆರಿಕದ ಎಂಜಿನಿಯರ್ ಕ್ಲಾಡ್ ಶಾನನ್ 1937ರ ಪ್ರಬಂಧದಲ್ಲಿ ಸ್ವಿಚ್ ಸರ್ಕ್ಯೂಟ್‌ಗಳಿಗೆ ಬೂಲ್‌ನ ಬೀಜಗಣಿತ (ನಿಜ-ಸುಳ್ಳುಗಳ ಲೆಕ್ಕ) ಹೊಂದಿಸಿದನಲ್ಲ, ಆ ಬೂಲ್ ಅವನಿಗೆ ಸಿಕ್ಕಿದ್ದು ಫಿಲಾಸಫಿ ಕ್ಲಾಸಲ್ಲಿ.

ಹಳೇಸಂಶೋಧಕ: ಅರ್ಧ ಕಥೆ ಹೇಳಬೇಡಿ. ಶಾನನ್ ಡಿಗ್ರಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತದ್ದು. ಫಿಲಾಸಫಿ ಒಂದು ಕೋರ್ಸ್ ಅಷ್ಟೆ. ನೀವು ಹೇಳ್ತಿರೋದು ಒಂದು ಪೇಪರ್ ಸಾಕು ಅಂತ, ಡಿಗ್ರಿ ಬೇಕು ಅಂತಲ್ಲ.

ಕರಿಕೋಟು: ಕಾನೂನಿನ ಬಗ್ಗೆ ನಾನು ಹೇಳ್ತೀನಿ. ತತ್ವಜ್ಞಾನಿ ಗೆಟಿಯರ್‌ನ 1963ರ ಲೇಖನ ಮೂರೇ ಪುಟ. ಆಧಾರವಿರುವ ನಿಜವಾದ ನಂಬಿಕೆಯೂ ಜ್ಞಾನ ಆಗದೇ ಇರಬಹುದು ಅಂತ ಅಷ್ಟರಲ್ಲೇ ತೋರಿಸಿದ. ಅದಕ್ಕೆ ನಾನು ಬರೆದ ಉತ್ತರ ಹದಿನಾರು ಪುಟ! ಮೇಡಂ ಐದು ಸಲ ವಾಪಸ್ ಕೊಟ್ಟರು. ಕೊನೆಗೆ ಎರಡು ಪುಟಕ್ಕೆ ಇಳಿಯಿತು. ಈಗ ವಕಾಲತ್ತಿನಲ್ಲಿ ನನ್ನ ಅನ್ನ ಆ ಎರಡು ಪುಟದ್ದು. ಕಾನೂನು ಓದಿಗೆ ಮತ್ತೆ ಮೂರು ವರ್ಷ ಹೋಯ್ತು, ಅದನ್ನು ಮುಚ್ಚಿಡಲ್ಲ.

ತರ್ಕದಾರಿ: @ಹಳೇಸಂಶೋಧಕ, ನಿಮ್ಮ ಗೈಡ್ ಕೈಬಿಟ್ಟರು ಅಂತ ವಿಷಯವನ್ನೇ ಬೈದರೆ ಹೇಗೆ?

ಹಳೇಸಂಶೋಧಕ: ಕೈಬಿಟ್ಟರು ಅಂತ ನಾನೆಲ್ಲಿ ಹೇಳಿದೆ? ನಿವೃತ್ತರಾದ ಮೇಲೂ ಎರಡು ವರ್ಷ ಪ್ರತಿ ಭಾನುವಾರ ಕೂರಿಸಿಕೊಂಡು ನನ್ನ ಜರ್ಮನ್ ತಿದ್ದಿದವರು ಅವರು. ಅವರ ಸುದ್ದಿಗೆ ಬರಬೇಡಿ.