ಸಹಾಯ ಬೇಕು: ಸ್ನಾರ್ಕೆಲಿಂಗ್ ಫೋಟೋಗೆ ಟಿಜಿ-7 ಕ್ಯಾಮೆರಾ ತಗೊಳ್ಳೋದಾ, ಗೋಪ್ರೋನಾ?

ರಜೆಯಲ್ಲಿ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಕಚ್ಕೊಂಡು ಸಮುದ್ರದಲ್ಲಿ ಈಜೋದು) ಇದೆ. ಮುಳುಗೋದು ಹೆಚ್ಚೆಂದರೆ 3-4 ಮೀಟರ್. ಬೇಕಿರೋದು ಮೀನು, ಹವಳದ ಫೋಟೋ; ವಿಡಿಯೋ ಇಲ್ಲದಿದ್ದರೂ ನಡೆಯುತ್ತೆ.

ಫೋನ್ ಪೌಚ್ (ನೀರು ಹೋಗದ ಪ್ಲಾಸ್ಟಿಕ್ ಚೀಲ) ಈಜುಕೊಳದಲ್ಲಿ ನೋಡಿ ಬಿಟ್ಟಾಯ್ತು. ನೀರಿನ ಒತ್ತಡಕ್ಕೆ ಪ್ಲಾಸ್ಟಿಕ್ ಸ್ಕ್ರೀನಿಗೆ ಅಂಟ್ಕೊಂಡು ಟಚ್ ಕೆಲಸ ಮಾಡಲ್ಲ, ವಾಲ್ಯೂಮ್ ಬಟನ್ ಒಂದೇ ಗತಿ. ಐಪಿ68 (ಫೋನ್ ನೀರು, ಧೂಳು ತಡೆಯೋ ರೇಟಿಂಗ್) ನಂಬಿ ಬರೀ ಫೋನ್ ಇಳಿಸೋ ಮಾತೇ ಇಲ್ಲ, ಆ ಪರೀಕ್ಷೆ ಸಿಹಿನೀರಿಂದು, ಉಪ್ಪುನೀರಿಂದಲ್ಲ.

ಉಳಿದಿರೋದು ಎರಡು. ಓಎಂ ಸಿಸ್ಟಮ್ ಟಿಜಿ-7 ಕೇಸ್ ಇಲ್ಲದೆ 15 ಮೀಟರ್ ತಡೆಯುತ್ತೆ, ಹೆಚ್ಚು ಬೆಳಕು ಬಿಡೋ ಎಫ್/2 ಲೆನ್ಸ್, 4 ಪಟ್ಟು ಆಪ್ಟಿಕಲ್ ಜೂಮ್ (ಲೆನ್ಸಿಂದಲೇ ಹತ್ತಿರ ತರೋದು), ರಾ ಫೈಲ್ (ಆಮೇಲೆ ಬಣ್ಣ ತಿದ್ದೋಕೆ ಅನುಕೂಲವಾದ ಕಚ್ಚಾ ಫೋಟೋ), ತೀರಾ ಹತ್ತಿರದ ಫೋಟೋಗೆ ಮೈಕ್ರೋಸ್ಕೋಪ್ ಮೋಡ್. ಗೋಪ್ರೋ ಹೀರೋ 12ಕ್ಕೆ 10 ಮೀಟರ್, ಅಲುಗಾಡದ ವಿಡಿಯೋ, ಆದ್ರೆ ಆಪ್ಟಿಕಲ್ ಜೂಮ್ ಇಲ್ಲ. ಅಗಲ ಲೆನ್ಸಲ್ಲಿ ಒಂದು ಮೀಟರ್ ದೂರದ ಸಣ್ಣ ಮೀನೂ ಚುಕ್ಕಿ ಥರ. ಬ್ಯಾಟರಿ ಬಾಗಿಲಿನ ಸೀಲ್ ಮೇಲೆ ಒಂದು ಕೂದಲು, ಒಂದು ಮರಳ ಕಣ ಕೂತರೂ ನೀರು ಒಳಗೆ, ಅದು ಎರಡಕ್ಕೂ ಒಂದೇ. ಹಾಗಾಗಿ ಅದರ ಮೇಲೆ ಆರಿಸೋಕಾಗಲ್ಲ.

ಸಿಕ್ಕಿಹಾಕಿಕೊಂಡಿರೋದು ಬಣ್ಣದಲ್ಲಿ. ನೀರು ಮೊದಲು ನುಂಗೋದು ಕೆಂಪು, 4 ಮೀಟರಿಗೇ ಎಲ್ಲ ನೀಲಿ-ಹಸಿರು. ಕ್ಯಾಮೆರಾದ್ದೇ ಫ್ಲಾಶ್ ಹಾಕಿದ್ರೆ ತೇಲೋ ಕಣಗಳೆಲ್ಲ ಬಿಳಿ ಚುಕ್ಕಿ. ಕೆಂಪು ಫಿಲ್ಟರ್ ಬೆಳಕು ತಿನ್ನುತ್ತೆ, ಮೇಲೆ ಬಂದ ತಕ್ಷಣ ಚಿತ್ರ ಕೆಂಪಡರುತ್ತೆ.

ನೀರಲ್ಲಿ ಬಳಸಿದವರು ಹೇಳಿ: 3-4 ಮೀಟರಲ್ಲಿ ಟಿಜಿ-7 ಫ್ಲಾಶ್ ಆಫ್ ಮಾಡಿ, ರಾದಲ್ಲಿ ತೆಗೆದು, ಆಮೇಲೆ ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲ) ಸರಿ ಮಾಡಿದ್ರೆ ಕೆಂಪು ಸಾಕಷ್ಟು ವಾಪಸ್ ಬರುತ್ತಾ, ಇಲ್ಲ ಬೇರೆ ಲೈಟ್ ಹಿಡ್ಕೊಂಡೇ ಇಳೀಬೇಕಾ?