ಸಹಾಯ ಬೇಕು: ಐಸಿಡಿಯ ಜಾಗ ಬದಲಾಯಿಸಿಕೊಂಡವರ ಅನುಭವ

ಎಲ್ಲರಿಗೂ ನಮಸ್ಕಾರ. ಹೃದಯದ ಬಡಿತ ಅಪಾಯಕಾರಿಯಾಗಿ ಲಯ ತಪ್ಪಿದಾಗ ಶಾಕ್ ಕೊಡುವ ಐಸಿಡಿಯನ್ನು ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರ ಎದೆಯ ಎಡಭಾಗದಲ್ಲಿ ಅಳವಡಿಸಲಾಗಿತ್ತು. ಅವರದು ತೀರಾ ಸಣಕಲು ಶರೀರವಾದ್ದರಿಂದ, ಈಗ ಅದರ ಅಂಚು ಒಳಗಿನಿಂದ ಒತ್ತಿ ಚರ್ಮ ತೆಳುವಾಗಿ, ಕೆಂಪೇರಿ ಹೊಳೆಯುತ್ತಿದೆ. ಅಂಗಿ ತಾಗಿದರೂ ಅವರು ಮುಖ ಕಿವುಚುತ್ತಾರೆ. ಸದ್ಯ ಸೋಂಕಿಲ್ಲ, ಆದರೆ ಚರ್ಮ ಬಿರಿದು ಸಾಧನ ಹೊರಗೆ ಕಂಡರೆ ತಂತಿಗಳ ಸಮೇತ ಎಲ್ಲವನ್ನೂ ತೆಗೆಯಬೇಕಾಗುತ್ತದೆ, ಆದ್ದರಿಂದ ಈಗಲೇ ಎದೆಯ ಸ್ನಾಯುವಿನ ಅಡಿಯಲ್ಲಿ ಹೊಸ ಜಾಗ ಮಾಡಿ ಕೂರಿಸುವುದು ಒಳಿತು ಎಂದು ವೈದ್ಯರು ಹೇಳಿದ್ದಾರೆ. ಅವರ ಮಾತು ನನಗೂ ಸರಿಯೆನಿಸಿದೆ, ಆದರೂ ಅಮ್ಮನ ಆತಂಕ ಕಡಿಮೆಯಾಗಿಲ್ಲ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇಲ್ಲಿದ್ದರೆ, ನೋವು ಎಷ್ಟು ದಿನವಿತ್ತು, ತೋಳನ್ನು ಭುಜದ ಮೇಲಕ್ಕೆ ಎತ್ತಲು ಯಾವಾಗ ಅನುಮತಿ ಸಿಕ್ಕಿತು, ಮುಂದೆ ಬ್ಯಾಟರಿ ಮುಗಿದು ಸಾಧನ ಬದಲಿಸುವಾಗ ತೊಂದರೆಯಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ.