ನಲವತ್ತು ದಾಟಿದ ಮೇಲೆ ಒಬ್ಬರ ಜೊತೆ ಬೇಕು ಅನ್ನಿಸಿದರೆ ಯಾರ ಹತ್ತಿರ ಹೇಳುವುದು?

ಪ್ರಶ್ನೆ, ರಾಜಾಜಿನಗರದಿಂದ:
ನನಗೆ ನಲವತ್ತೆರಡು. ಊರು ತೀರ್ಥಹಳ್ಳಿ ಕಡೆ. ಡೈವೋರ್ಸ್ ಆದ ಮೇಲೆ ಇಲ್ಲಿ ಒಬ್ಬಳೇ ಇದ್ದೇನೆ. ಅಕೌಂಟ್ಸ್ ಕೆಲಸ, ಹೆಚ್ಚಾಗಿ ಮನೆಯಿಂದಲೇ.

ಜನ ಇಲ್ಲ ಅಂತಲ್ಲ. ಅಮ್ಮ ದಿನಾ ಫೋನ್ ಮಾಡುತ್ತಾರೆ. ಕೆಳಗಿನ ಮನೆ ಆಂಟಿ ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ. ಮೊನ್ನೆ ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಬರುವಾಗ ಪಕ್ಕದಲ್ಲಿದ್ದ ಅಜ್ಜಿ ತೂಕಡಿಸಿ ನನ್ನ ಹೆಗಲಿಗೆ ತಲೆ ಇಟ್ಟರು. ತಲೆಗೆ ಕೊಬ್ಬರಿ ಎಣ್ಣೆ, ಮುಡಿಯಲ್ಲಿ ಬಾಡಿದ ಕನಕಾಂಬರ. ರಾಜಾಜಿನಗರ ಬಂತು, ನಾನು ಏಳಲಿಲ್ಲ. ಯಶವಂತಪುರದವರೆಗೆ ಹಾಗೇ ಹೋದೆ. ನನ್ನನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಯಿತು ಅಂತ ಆಗ ಗೊತ್ತಾಯಿತು.

ಡೇಟಿಂಗ್ ಆ್ಯಪ್‌ನಲ್ಲಿ ಎರಡನೇ ಮೆಸೇಜಿಗೇ 'ಮನೇಲಿ ಒಬ್ರೇನಾ?' ಅಂತ ಕೇಳುತ್ತಾರೆ. ಬ್ರೋಕರ್ ತರುವ ಸಂಬಂಧದಲ್ಲಿ ಅವರ ಅಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕಿರುತ್ತದೆ. ನನಗೆ ಬೇಕಿರುವುದು ಮಾತಿಗೆ ಒಬ್ಬರು, ಪಕ್ಕದಲ್ಲಿ ಮಲಗಲು ಒಬ್ಬರು. ಇದನ್ನು ಬಾಯಿಬಿಟ್ಟು ಹೇಳುವುದು ತಪ್ಪಾ? ಈ ಊರಲ್ಲಿ ಜನ ಜನರನ್ನು ಎಲ್ಲಿ ಭೇಟಿಯಾಗುತ್ತಾರೆ?

ಉತ್ತರ, ಜಯನಗರದಿಂದ:
ತಪ್ಪೇನಿಲ್ಲಮ್ಮ. ಮನೆಯವರು ಹೋದ ಮೇಲೆ ನನಗೂ ಇದು ಅರ್ಥವಾಯಿತು. ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ದೊಡ್ಡ ಡಾಕ್ಟರ್ ಆಗಿದ್ದಾಗ, 2023ರಲ್ಲಿ, ಒಂಟಿತನದ ಬಗ್ಗೆ ಇಡೀ ದೇಶಕ್ಕೇ ಎಚ್ಚರಿಕೆ ಕೊಟ್ಟರು. ಆರೋಗ್ಯ ಕೆಡಿಸುವಂಥದ್ದು ಇದು. ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಬೇಡಿ.

ಉತ್ತರ, ಜೆ.ಪಿ. ನಗರದಿಂದ:
ಅಕ್ಕ, ರಂಗಶಂಕರಕ್ಕೆ ಬನ್ನಿ. ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಹಾಗಾಗಿ ಎಲ್ಲರೂ ಮೊದಲೇ ಬಂದು ಕೆಫೆಯಲ್ಲಿ ಕೂತಿರುತ್ತಾರೆ. ಒಬ್ಬರೇ ಬರುವವರು ಜಾಸ್ತಿ. ಅವೇ ಮುಖಗಳು ಮತ್ತೆ ಮತ್ತೆ ಸಿಕ್ಕಿದಾಗ ಮಾತು ತಾನಾಗೇ ಶುರುವಾಗುತ್ತದೆ. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಪುಸ್ತಕ ಓದುವವರ ಗುಂಪೂ ಇದೆ. ಚಾಪೆ ಹಾಸಿ ಸುಮ್ನೆ ಓದುತ್ತಾರೆ, ಯಾರೂ ಏನೂ ಕೇಳುವುದಿಲ್ಲ.

ಉತ್ತರ, ಮಲ್ಲೇಶ್ವರದಿಂದ:
ನಾಟಕ, ಪಾರ್ಕ್ ಎಲ್ಲಾ ಒಳ್ಳೆಯದೇ. ಆದರೆ ಇವರು ಮುಟ್ಟುವುದರ ಬಗ್ಗೆ ಕೇಳಿದ್ದಾರೆ, ಅದನ್ನು ಯಾರೂ ಎತ್ತಲೇ ಇಲ್ಲ. ಹೆಣ್ಣುಮಕ್ಕಳು ಇದನ್ನು ಹೇಳಿದ ತಕ್ಷಣ ಹವ್ಯಾಸ ಬೆಳೆಸಿಕೊಳ್ಳಿ ಅನ್ನುತ್ತಾರೆ. ಹಸಿದವರಿಗೆ ವಾಕಿಂಗ್ ಹೋಗಿ ಅಂದ ಹಾಗೆ.

ನಾನೂ ನಿಮ್ಮ ವಯಸ್ಸಿನವಳೇ, ಒಬ್ಬಳೇ ಇರುವವಳು. ಪ್ರೊಫೈಲಿನಲ್ಲಿ ನೇರವಾಗಿ ಬರೆದೆ: ಮದುವೆಗೆ ಅವಸರ ಇಲ್ಲ, ಒಂದು ರಾತ್ರಿಗೆ ಅಂತ ಬರುವವರು ಬೇಡ, ಜೊತೆ ಬೇಕು. ಮೆಸೇಜ್ ಬರುವುದು ತೀರಾ ಕಮ್ಮಿಯಾಯಿತು. ಬಂದವರು ಮಾತ್ರ ಮನುಷ್ಯರ ಹಾಗೆ ಮಾತಾಡಿದರು. ಹಗಲು ಹೊತ್ತು, ಜನ ಇರುವ ದರ್ಶಿನಿಯಲ್ಲಿ ಕಾಫಿಗೆ ಸಿಗಿ. ಗೆಳತಿಗೆ ಜಾಗ ಹೇಳಿ ಹೋಗಿ. ಆತ ಕೌಂಟರಿನ ಹುಡುಗನ ಹತ್ತಿರ ಹೇಗೆ ಮಾತಾಡುತ್ತಾನೆ ನೋಡಿ. ನಾನಂತೂ ಮೊದಲು ಅದನ್ನೇ ನೋಡುವುದು.

ರಾತ್ರಿ ತೀರಾ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ರಾಜಾಜಿನಗರದಿಂದ:
ಓದುತ್ತಾ ಅತ್ತುಬಿಟ್ಟೆ. ಎಲ್ಲರಿಗೂ ಥ್ಯಾಂಕ್ಸ್. ಪ್ರೊಫೈಲ್ ಇವತ್ತೇ ಬದಲಾಯಿಸುತ್ತೇನೆ. ಮಲ್ಲೇಶ್ವರದವರೇ, ಶನಿವಾರ ಕಬ್ಬನ್ ಪಾರ್ಕಿಗೆ ಬರ್ತೀರಾ? ಚಾಪೆ ನಾನು ತರುತ್ತೇನೆ.